ಹನ್ನೆರಡನೆಯ ಜೋಡಿ ಕಾಲು

ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರ ಪೂಜೆ ಮುಗಿದ ಮೇಲೆ, ಚರ್ಚಿನ ಕಾರ್ಯದರ್ಶಿ ಜ್ಞಾನಪ್ರಕಾಶ ಸ್ಟೀಲ್ ಡಬ್ಬಿಯಿಂದ ಒಂದೊಂದೇ ಚೀಟಿ ಎತ್ತಿ ಹೆಸರು ಓದಿದ. ಏಸುಸ್ವಾಮಿ ಸಾಯುವ ಹಿಂದಿನ ರಾತ್ರಿ ಹನ್ನೆರಡು ಜನ ಶಿಷ್ಯರ ಕಾಲು ತೊಳೆದನಲ್ಲ, ಅದರ ನೆನಪಿಗೆ ಗುರುವಾರ ಸಂಜೆ ಫಾದರ್ ಹನ್ನೆರಡು ಜನರ ಕಾಲು ತೊಳೆಯುತ್ತಾರೆ. ಹನ್ನೆರಡನೆಯ ಚೀಟಿ ಇನ್ನಾಸಮ್ಮನದು. ಅವಳು ಕೈಯಲ್ಲಿದ್ದ ಗರಿಯ ಶಿಲುಬೆಯನ್ನು ಎದೆಗೊತ್ತಿಕೊಂಡು ಅಲ್ಲೇ ಅತ್ತುಬಿಟ್ಟಳು.

ಅಳದೆ ಏನು ಮಾಡುತ್ತಾಳೆ? ನಲವತ್ತಾರು ವರ್ಷದ ಆಸೆ ಅದು. ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಇನ್ನೂ ಎದ್ದಿರದ ಕಾಲ, ಆನೇಕಲ್ ಕಡೆಯ ಇವರ ಹಳ್ಳಿಯಲ್ಲಿ ಹೆಂಚಿನ ಚರ್ಚು. ಶಿಷ್ಯರ ಬೆಂಚಿನ ಮೇಲೆ ಅವಳಪ್ಪ ರಾಯಪ್ಪ ಕೂತಿದ್ದ. ಆಗಿನ ಮುದಿ ಫಾದರ್ ಒಂದು ಕಟ್ಟಪ್ಪಣೆ ಮಾಡಿದ್ದರು: 'ಯಾರೂ ಮನೇಲಿ ಕಾಲು ತೊಳ್ಕೊಂಡು ಬರಬಾರದು. ನೀವೇ ತೊಳ್ಕೊಂಡ್ರೆ ನನಗೇನು ಕೆಲಸ?' ಬಾವಿ ತೋಡುತ್ತಿದ್ದ ರಾಯಪ್ಪ ನೇರ ಗುಂಡಿಯಿಂದಲೇ ಬಂದಿದ್ದ. ಬೋಗುಣಿಯ ನೀರು ಕೆಮ್ಮಣ್ಣಿನ ರಾಡಿಯಾಯಿತು. ಫಾದರ್ ಬಗ್ಗಿ ಆ ಕಾಲಿಗೆ ಮುತ್ತಿಟ್ಟಾಗ, ಯಾವುದಕ್ಕೂ ಜಗ್ಗದ ಅಪ್ಪ ಮಗುವಿನಂತೆ ಬಿಕ್ಕಿದ್ದನ್ನು ಎಂಟು ವರ್ಷದ ಇನ್ನಾಸಮ್ಮ ಕಣ್ಣಾರೆ ಕಂಡಿದ್ದಳು. ಹೆಂಗಸರನ್ನು ಆಗ ಕೂರಿಸುತ್ತಿರಲಿಲ್ಲ. ಹೆಂಗಸರೂ ಕೂರಬಹುದೆಂದು ರೋಮಿನಿಂದ ಅಪ್ಪಣೆ ಬಂದ ವರ್ಷದಿಂದ ತಪ್ಪದೆ ಹೆಸರು ಕೊಡುತ್ತಲೇ ಇದ್ದಳು.

ಜ್ಞಾನಪ್ರಕಾಶ ಅವಳನ್ನು ಪಕ್ಕಕ್ಕೆ ಕರೆದ. ದೂರದ ಸಂಬಂಧದಲ್ಲಿ ಮಗ ಆಗಬೇಕು. ಕಣ್ಣು ಮಾತ್ರ ಅವಳ ಚಪ್ಪಲಿಯ ಮೇಲಿತ್ತು.

"ಚಿಕ್ಕಮ್ಮ, ತಪ್ಪು ತಿಳ್ಕೋಬೇಡಿ. ಈ ಸಲ ಲೈವ್ ಇದೆ, ಎರಡು ಕ್ಯಾಮರಾ. ಫಾದರ್ ಮುತ್ತಿಡೋವಾಗ ಹತ್ತಿರದಿಂದ ತೋರಿಸ್ತಾರೆ. ದುಬೈ, ಕುವೈತಲ್ಲೆಲ್ಲ ನೋಡ್ತಾರೆ ಕಣ್ರೀ. ಕಾಲು ಸ್ವಲ್ಪ ಬೆಳ್ಳಗೆ ಮಾಡ್ಕೊಂಡು ಬನ್ನಿ."

"ಆಗಲಪ್ಪ" ಎಂದಳು ಇನ್ನಾಸಮ್ಮ. ಆಗಲಪ್ಪ ಎನ್ನದೆ ಅವಳಿಗೆ ಬೇರೆ ಮಾತು ಬಂದರಲ್ಲವೇ!

ಹನ್ನೊಂದು ವರ್ಷದಿಂದ ಅವಳು ಟೆಕ್ ಪಾರ್ಕೊಂದರಲ್ಲಿ ಹೌಸ್‌ಕೀಪಿಂಗ್ ಕೆಲಸಕ್ಕಿದ್ದಾಳೆ. ನಾಲ್ಕು ಮಹಡಿಯ ಟಾಯ್ಲೆಟ್ಟುಗಳು ಅವಳ ಪಾಲಿನವು. ಆಸಿಡ್ ನೀರಲ್ಲಿ ನಿಂತೂ ನಿಂತೂ ಉಗುರು ಕಪ್ಪಾಗಿ, ಹಿಮ್ಮಡಿಯ ಬಿರುಕಿನಲ್ಲಿ ಕರೀ ಗೆರೆ ಕೂತಿದೆ. ಬೂಟು ಕೊಡಿ ಎಂದು ಸೂಪರ್‌ವೈಸರ್ ಮುನಿಕೃಷ್ಣನನ್ನು ಕೇಳಿದರೆ, 'ಬರುತ್ತೆ ಬಿಡಕ್ಕಾ' ಎನ್ನುತ್ತಾನೆ. ಬರುತ್ತಲೇ ಇದೆ, ಹನ್ನೊಂದು ವರ್ಷದಿಂದ.

ಸೋಮವಾರ ಹಿಮ್ಮಡಿ ಉಜ್ಜುವ ಕಲ್ಲು ತಂದಳು. ಮಂಗಳವಾರ ನಿಂಬೆಹುಳಿ, ಉಪ್ಪು. ರಾತ್ರಿ ಹರಳೆಣ್ಣೆ. ಕಲೆ ಜಪ್ಪಯ್ಯ ಎಂದರೂ ಹೋಗಲಿಲ್ಲ. ಬುಧವಾರ ಕೆಲಸದಲ್ಲಿ, ಮೂರನೇ ಮಹಡಿಯ ಬಿಳಿ ಟೈಲ್ಸಿನ ಹಳೇ ತುಕ್ಕಿನ ಕಲೆಗೆ ಆಸಿಡ್ ಸುರಿದಳು. ಎರಡು ನಿಮಿಷಕ್ಕೆ ಟೈಲ್ಸು ಹಾಲಿನ ಹಾಗೆ ಬೆಳ್ಳಗಾಯಿತು. ಅವಳ ಕೈ ನಿಂತಿತು. ಕಲ್ಲಿನ ಕಲೆ ತೆಗೆಯುವುದು ಕಾಲಿನ ಕಲೆ ತೆಗೆಯದೇ?

ಪಾಪಿ ಹೆಂಗಸು, ನೀರಿನ ಬಾಟಲಿಯಲ್ಲಿ ಅರ್ಧ ಆಸಿಡ್ ತುಂಬಿಕೊಂಡು ಮನೆಗೆ ಬಂದಳು. ಬುದ್ಧಿ ಇಲ್ಲವೇ ಎಂದು ಕೇಳಬೇಡಿ. ಕೊಳೆ ಹೋಗಬೇಕಾದರೆ ಆಸಿಡ್ ಬೇಕು ಎನ್ನುವುದೊಂದೇ ಅವಳಿಗೆ ಯಾರಾದರೂ ಕಲಿಸಿದ ವಿದ್ಯೆ. ನೀರು ಬೆರೆಸಿ, ಬಟ್ಟೆಯಲ್ಲಿ ಅದ್ದಿ, ಎರಡು ಕಾಲಿನ ಬೆರಳಿಗೂ ಹಿಮ್ಮಡಿಗೂ ಒತ್ತಿ ಕೂತಳು. ಉರಿಯಿತು. ತಪಸ್ಸು ಕಾಲ ತಾನೆ, ಸ್ವಾಮಿಗೆ ಮೊಳೆ ಹೊಡೆದರಲ್ಲ, ಇಷ್ಟು ತಡೆಯಲಾರೆನೇ ಎಂದು ಹಲ್ಲು ಕಚ್ಚಿದಳು. ಬೆಳಿಗ್ಗೆ ಎದ್ದರೆ ಕಾಲಿನ ತುಂಬ ಬೊಬ್ಬೆ.

ಗುರುವಾರ ಸಂಜೆ ಮಗಳ ಬಿಳಿ ಸಾಕ್ಸ್ ಹಾಕಿಕೊಂಡು ಕುಂಟುತ್ತಾ ಬಂದಳು. ಚರ್ಚಿನ ಪಡಸಾಲೆಯಲ್ಲಿ ಉಳಿದ ಹನ್ನೊಂದು ಜನ ಬೂಟು ಬಿಚ್ಚಿ ಸಾಲಾಗಿ ನಿಂತಿದ್ದರು. ಮನೆಯಲ್ಲೇ ಸೋಪು ಹಾಕಿ ತಿಕ್ಕಿ, ಪೌಡರು ಬಳಿದುಕೊಂಡ ಕಾಲುಗಳು. ಇನ್ನಾಸಮ್ಮನ ಸಾಕ್ಸ್ ಬೊಬ್ಬೆಗೆ ಅಂಟಿಕೊಂಡಿತ್ತು. ಎಳೆದಾಗ ಚರ್ಮವೂ ಬಂತು.

"ಅಯ್ಯಯ್ಯೋ! ಏನ್ ಚಿಕ್ಕಮ್ಮ ಇದು, ಕಾಯಿಲೆನಾ?" ಜ್ಞಾನಪ್ರಕಾಶ ಎರಡು ಹೆಜ್ಜೆ ಹಿಂದೆ ಸರಿದ.

"ಕಾಯಿಲೆ ಅಲ್ಲ ಕಣಪ್ಪ. ನೀನೇ ಬೆಳ್ಳಗೆ ಮಾಡ್ಕೊಂಡು ಬಾ ಅಂದ್ಯಲ್ಲ..."

"ಫಾದರ್ ಇದಕ್ಕೆ ಮುತ್ತಿಡ್ಬೇಕಾ? ಜನ ಏನಂದಾರು? ಮುಂದಿನ ವರ್ಷ ಚೀಟಿನೇ ಬೇಡ, ನೇರ ನಿಮ್ಮನ್ನೇ ಕೂರಿಸ್ತೀನಿ, ಆಯ್ತಾ?" ಎಂದವನೇ ಆ ಜಾಗಕ್ಕೆ ತನ್ನ ಹೆಂಡತಿಯನ್ನು ಕರೆದ. ಅವಳ ಕಾಲುಗುರಿಗೆ ಆಗಲೇ ಬಣ್ಣ ಹಚ್ಚಿಯಾಗಿತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

ಇನ್ನಾಸಮ್ಮ ಸಾಕ್ಸ್ ಮತ್ತೆ ಏರಿಸಿಕೊಂಡು ಹಿಂದಿನ ಬಾಗಿಲ ಬಳಿ ಹೋಗಿ ಕೂತಳು. ಫಾದರ್ ಪ್ರಸಂಗ ಚೆನ್ನಾಗಿಯೇ ಮಾಡಿದರು. ಏಸುಸ್ವಾಮಿಯ ದೇಶದಲ್ಲಿ ಧೂಳಿನ ದಾರಿ, ಬಂದವರ ಕಾಲು ತೊಳೆಯುವುದು ಮನೆಯ ಕೀಳು ಆಳಿನ ಕೆಲಸ. ಆ ಕೆಲಸಕ್ಕೆ ಒಡೆಯನೇ ಸೊಂಟಕ್ಕೆ ಬಟ್ಟೆ ಸುತ್ತಿ ಕೂತ ಎಂದರು. "ನನ್ನ ಕಾಲು ನೀವು ಮುಟ್ಟಕೂಡದು ಅಂತ ಶಿಷ್ಯ ಪೇತ್ರ ಕಾಲು ಹಿಂದಕ್ಕೆ ಎಳ್ಕೊಂಡ. ಸ್ವಾಮಿ ಬಿಡಲಿಲ್ಲ. ಕೊಳೆಯಾದ ಕಾಲಿಗೇ ಅಲ್ಲವೇ ನೀರು ಬೇಕಾದ್ದು?" ಎಂದು ಕೇಳಿದರು. ಆ ಪೇತ್ರನನ್ನೇ ಇವರ ಹಳ್ಳಿಗಳಲ್ಲಿ ರಾಯಪ್ಪ ಎನ್ನುವುದು. ಅವಳಪ್ಪನ ಹೆಸರೂ ಅದೇ.

ಹನ್ನೆರಡು ಜೋಡಿ ಕಾಲು ತೊಳೆದರೂ ಬೋಗುಣಿಯ ನೀರು ಕುಡಿಯುವಷ್ಟು ತಿಳಿಯಾಗಿತ್ತು. ಗ್ರಾನೈಟಿನ ಮೇಲೆ ಒಂದಷ್ಟು ಚೆಲ್ಲಿತ್ತು. ಗಾಯಕರ ಸಾಲಿನ ಹುಡುಗಿಯೊಬ್ಬಳು ಜಾರಿದಳು. ಯಾರೂ ಹೇಳಲಿಲ್ಲ, ಯಾರೂ ಕೇಳಲಿಲ್ಲ. ಇನ್ನಾಸಮ್ಮ ಎದ್ದಳು, ಬಾಗಿಲ ಹಿಂದಿನ ಮಾಪು ಹಿಡಿದು ಹೋಗಿ ಒರೆಸಿದಳು. ಹನ್ನೊಂದು ವರ್ಷದ ಕೈ, ನೀರು ಕಂಡರೆ ಸುಮ್ಮನಿರುವುದಿಲ್ಲ. ಫಾದರ್ ಮೈಕಿನಲ್ಲಿ, "ನೋಡಿ, ಸೇವೆ ಅಂದ್ರೆ ಇದು" ಎಂದರು. ಕ್ಯಾಮರಾ ಅವಳ ಕಡೆ ತಿರುಗಿತು.

ಮನೆಗೆ ಬಂದರೆ ಮಗಳು ಲೂರ್ದು ಆಗಲೇ ಫ್ಯಾಕ್ಟರಿಯಿಂದ ಬಂದಿದ್ದಳು.

"ಬಸ್ಸಲ್ಲಿ ಲೈವ್ ನೋಡ್ದೆ ಕಣಮ್ಮ. ನೀನು ಬಂದಿದ್ದೆ."

"ಏನ್ ತೋರಿಸಿದ್ರು?"

"ನೆಲ ಒರೆಸ್ತಿದ್ದೆ."

ಇನ್ನಾಸಮ್ಮ ಗೋಡೆಗೊರಗಿ ಕೂತು ಸಾಕ್ಸ್ ಕಳಚಿದಳು. ಕಾಲು ಕಂಡವಳೇ ಲೂರ್ದು ಬಚ್ಚಲಿಗೆ ಓಡಿ ಟಬ್ಬಿನಲ್ಲಿ ನೀರು ತಂದು, ತಾಯಿಯ ಮುಂದೆ ಮಂಡಿಯೂರಿ, ಹೆಗಲ ಮೇಲಿನ ವೇಲು ತೆಗೆದು ಕೈಗೆ ಸುತ್ತಿಕೊಂಡಳು.

ಇನ್ನಾಸಮ್ಮ ಎರಡು ಕಾಲನ್ನೂ ಸೀರೆಯೊಳಗೆ ಎಳೆದುಕೊಂಡಳು.

"ಬ್ಯಾಡ ಕಣೇ, ಮುಟ್ಬೇಡ" ಎಂದಳು. "ನೀರು ಬಿದ್ರೆ ಉರಿಯುತ್ತೆ."