ಗ್ಲಾಸಮ್ಮನ ಮೂರು ಗುಟುಕು

ಬಿಯರಿನ ನಲ್ಲಿಯ ಹಿಡಿಗೆ ಕೈ ಹಾಕಿದ ಪೀಪಾಯಿ ಅದನ್ನು ತಿರುಗಿಸಲಿಲ್ಲ. ಎದುರಿಗೆ ಇಪ್ಪತ್ತು ಮಂದಿ ಖಾಲಿ ಗ್ಲಾಸು ಹಿಡಿದು ನಿಂತಿದ್ದರು. ಎಲ್ಲರ ಕಾಲಿಗೂ ಸ್ಮಶಾನದ ಹಸಿಮಣ್ಣು ಮೆತ್ತಿತ್ತು. ಕಿಟಕಿಯಿಂದ ಇಳಿದ ಮಧ್ಯಾಹ್ನದ ಬಿಸಿಲು ಒಂದೊಂದು ಗ್ಲಾಸಿನಲ್ಲೂ ಒಂದಿಷ್ಟು ತುಂಬಿಕೊಂಡಿತ್ತು, ಯಾರೋ ಆಗಲೇ ಬಡಿಸಿ ಹೋದ ಹಾಗೆ.

"ಏನಪ್ಪಾ, ನಲ್ಲಿಗೂ ಗಂಟಲು ಕಟ್ತಾ?" ಎಂದ ಅಂಚೆಯವ.

"ಒಂದ್ನಿಮಿಷ ಇರಿ," ಎಂದ ಪೀಪಾಯಿ.

ಹೊಟ್ಟೆಯಿಂದಾಗಿ ಅವನಿಗೆ ಆ ಹೆಸರು ಬಂದಿತ್ತು. ಪಬ್ಬು ಅವನದೇ. ಹಿಂದಿನ ಕೋಣೆಯಲ್ಲಿ ಬಿಯರು ತಯಾರಾಗುತ್ತಿತ್ತು, ಮುಂದಿನ ಕೋಣೆಯಲ್ಲಿ ಖರ್ಚಾಗುತ್ತಿತ್ತು. ಹದಿಮೂರು ವರ್ಷ ಇಲ್ಲಿ ಗ್ಲಾಸು ತೊಳೆದವಳನ್ನು ಊರೆಲ್ಲ ಗ್ಲಾಸಮ್ಮ ಎನ್ನುತ್ತಿತ್ತು. ಅವಳನ್ನು ಮಣ್ಣು ಮಾಡಿ ಈಗಷ್ಟೇ ಎಲ್ಲರೂ ಬಂದಿದ್ದರು. ಗುಂಡಿಯ ಬಳಿ ನಿಂತು ಪೀಪಾಯಿಯೇ ಹೇಳಿದ್ದ: ಹೋದ ತಿಂಗಳು ಹಾಕಿದ ಬ್ರೌನ್ ಪೋರ್ಟರ್, ಆ ಕಪ್ಪು ಬಿಯರು, ಇದೆ, ಅಕ್ಕನ ಹೆಸರಲ್ಲಿ ಎಲ್ಲರೂ ಕುಡಿಯೋಣ.

ಮೂಲೆಯಲ್ಲಿ ಸತ್ತವಳ ತಂಗಿ, ಎಲ್ಲರಿಗೂ ಚಿಕ್ಕಮ್ಮ, ಅಂಚೆಯವನ ಕಡೆ ಬಾಗಿದಳು. "ಬೇಗ ಕೊಡ್ಲಿ. ನಮ್ಮಕ್ಕನಿಗೂ ಅದೇ ಬೇಕಿತ್ತಲ್ಲ. ಬೆಳಗ್ಗೆ ಹನ್ನೊಂದಕ್ಕೇ ಬಾಯಿ ಗಂ ಅಂತಿತ್ತು."

"ಹೋದವ್ರ ಮೇಲೆ ಯಾಕಮ್ಮ?"

"ಸುಳ್ಳಾ? ಅವಳ ಮಗಳನ್ನೇ ಕೇಳಿ. ಒಂದು ವರ್ಷದಿಂದ ಮನೆ ಹೊಸಿಲು ತುಳಿಯೋಕೆ ಬಿಟ್ಟಿಲ್ಲ."

ಮಗಳಿಗೆ ಕೇಳಿಸಿತು. ಅವಳು ಬೇಕರಿಯಲ್ಲಿ ಒಲೆಯ ಮುಂದೆ ಕೆಲಸ ಮಾಡುವವಳು. ಸುಮ್ಮನೆ ನಿಂತು ಗೊತ್ತಿಲ್ಲ. ಒಣಗಿದ ಗ್ಲಾಸನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಳು.

"ಸ್ವಲ್ಪ ಹಿಂದಕ್ಕೆ ಬರ್ತೀಯೇನಮ್ಮ?" ಎಂದು ಪೀಪಾಯಿ ಮೆಲ್ಲಗೆ ಕರೆದ.

*

ಒಂದು ವರ್ಷದ ಹಿಂದೆ ಅಮ್ಮ ಮಗಳ ಮನೆಗೆ ಬಂದಿದ್ದಳು. ಮೊಮ್ಮಗಳು ಓಡಿ ಬಂದು ಕೊರಳಿಗೆ ಜೋತುಬಿದ್ದಿದ್ದಳು. ಮಗುವಿನ ಕೆನ್ನೆಗೆ ಅಮ್ಮ ಬಾಗಿದಾಗ ಆ ವಾಸನೆ ಮಗಳ ಮೂಗಿಗೆ ಬಡಿಯಿತು.

"ಕುಡಿದಿದ್ದೀಯಾ?"

"ಕೆಲಸದ್ದು ಕಣೇ."

"ಗ್ಲಾಸು ತೊಳಿಯೋ ಕೆಲಸಕ್ಕೆ ಕುಡೀಬೇಕಾ? ಅಪ್ಪನ್ನ ನೋಡಿದ್ದು ಸಾಲ್ದಾ ನಂಗೆ?"

ಅಮ್ಮ ಬಾಯಿ ತೆರೆದಳು. ಹೇಳಬೇಕಾದ ಮಾತು ಕಿಟಕಿಯ ಆಚೆ ಎಲ್ಲೋ ಕೂತಿದೆಯೇನೋ ಎಂಬಂತೆ ಅಲ್ಲೇ ನೋಡಿದಳು. ಆಮೇಲೆ, "ಹೇಳೋ ಹಾಗಿಲ್ಲ ಕಣೇ," ಎಂದು ಮಗುವಿನ ಕೈಗಳನ್ನು ಕೊರಳಿನಿಂದ ಒಂದೊಂದಾಗಿ ಬಿಡಿಸಿಕೊಂಡಳು.

*

ಹಿಂದಿನ ಕೋಣೆ ತಣ್ಣಗಿತ್ತು. ಸ್ಟೀಲಿನ ಟ್ಯಾಂಕು ತನ್ನಷ್ಟಕ್ಕೆ ತಾನು ಉಸಿರಾಡುವಂತೆ ಸಣ್ಣಗೆ ಸದ್ದು ಮಾಡುತ್ತಿತ್ತು. ಪೀಪಾಯಿ ಬಾಗಿಲು ಮುಂದಕ್ಕೆ ಎಳೆದ.

"ನಂಗೆ ವಾಸನೆ ಗೊತ್ತಾಗಲ್ಲ," ಎಂದ.

"ಏನು?"

"ಮೂಗು ಸತ್ತು ಹನ್ನೊಂದು ವರ್ಷ ಆಯ್ತು. ಜ್ವರ ಬಂದಿತ್ತಲ್ಲ, ಆವಾಗ ಹೋಗಿದ್ದು ವಾಪಸ್ ಬರ್ಲೇ ಇಲ್ಲ. ಮೂಗಿಲ್ದಿದ್ರೆ ನಾಲಿಗೆನೂ ಅರ್ಧ ಮರ ಇದ್ದ ಹಾಗೆ. ಇಷ್ಟು ದಿನ ಇಲ್ಲಿ ರುಚಿ ನೋಡಿದ್ದು ನಿಮ್ಮಮ್ಮ."

*

ಹನ್ನೊಂದು ವರ್ಷದ ಹಿಂದೆ ಒಂದು ದಿನ ಅವಳು ಎಂದಿನಂತೆ ಗ್ಲಾಸು ತೊಳೆಯಲು ಬಂದಾಗ ಪೀಪಾಯಿ ಈ ಟ್ಯಾಂಕಿನ ಮುಂದೆ ಕೂತು ಒಂದು ಗ್ಲಾಸನ್ನು ಮೂಸುತ್ತಲೇ ಇದ್ದ. ಅವಳು ಅದನ್ನು ಇಸಿದುಕೊಂಡು ಒಂದು ಸಲ ಮೂಗಿನ ಹತ್ತಿರ ಹಿಡಿದು, "ಹುಳಿ ಬಂದಿದೆ," ಎಂದಳು. ಅವನು ಅತ್ತ. ಮೂಗಿಲ್ಲದವನ ಬಿಯರು ಯಾರು ಕುಡೀತಾರೆ, ಯಾರಿಗೂ ಹೇಳಬೇಡಿ ಅಕ್ಕ, ಎಂದ. "ಹೇಳಲ್ಲ," ಎಂದಳು. ಆ ಒಂದು ಮಾತಿಗೆ ಎರಡನೆಯ ಮಾತು ಯಾವತ್ತೂ ಸೇರಿಸಲಿಲ್ಲ.

ಆಮೇಲೆ ದಿನಾ ಹನ್ನೊಂದಕ್ಕೆ ಮೂರು ಗುಟುಕು. ಮೊದಲನೆಯದು ಬಾಯಿ ತೊಳೆಯಲು. ಎರಡನೆಯದು ಕಣ್ಣು ಮುಚ್ಚಿ, ನಿಧಾನವಾಗಿ, ಕೆಲಸಕ್ಕೆ. ಮೂರನೆಯದನ್ನು ಕುಡಿಯುವ ಮುಂಚೆ "ಇದು ನಂದು," ಎನ್ನುತ್ತಿದ್ದಳು. ಬಿಯರಿನ ಬಗ್ಗೆ ಅವಳಿಗೆ ಯಾವ ದೊಡ್ಡ ಮಾತೂ ಬರುತ್ತಿರಲಿಲ್ಲ. ಇನ್ನೂ ಮಲಗಿದೆ, ಎನ್ನುತ್ತಿದ್ದಳು. ಮಗ್ಗುಲು ಬದಲಾಯಿಸಿದೆ. ಕಣ್ಣು ಬಿಟ್ಟಿದೆ, ಹೊದಿಕೆ ತೆಗೆದಿಲ್ಲ. ಎದ್ದಿದೆ, ಜನ ಕರೀರಿ. ಎದ್ದ ಬಿಯರು ಹೇಗಿದೆ ಎಂದು ಕೇಳಿದರೆ, ಆಗ ತಾನೆ ಇಸ್ತ್ರಿ ಮಾಡಿದ ಉಣ್ಣೆಯ ಕೋಟು ಎನ್ನುವಳು. ಆರಿದ ಒಲೆಯ ಪಕ್ಕ ಕೂತ ಬೆಕ್ಕು ಎನ್ನುವಳು. ಪೀಪಾಯಿ ಅದನ್ನೇ ಗೋಡೆಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಅವನೊಳಗೆ ಒಬ್ಬ ಕವಿ ಇದ್ದಾನೆ ಎಂದು ಗಿರಾಕಿಗಳು ನಂಬಿದ್ದರು.

*

"ಗುರುವಾರ ಮಗ್ಗುಲು ಬದಲಾಯಿಸಿದೆ ಅಂದ್ರು. ಶುಕ್ರವಾರ ಅವರೇ ಏಳ್ಲಿಲ್ಲ," ಎಂದ ಪೀಪಾಯಿ. "ಈಗ ಇದು ಎದ್ದಿದೆಯೋ ಇಲ್ವೋ ನಂಗೆ ಗೊತ್ತಿಲ್ಲ. ಅವರ ಹೆಸರಲ್ಲಿ ಹಸಿ ಬಿಯರು ಹಂಚೋಕೆ ಮನಸ್ಸು ಬರ್ತಿಲ್ಲ. ನೀನು ಬೇಕರಿಯವಳು, ಮೂಗಿರೋಳು. ಒಂದು ಗುಟುಕು ನೋಡು."

"ಹಾಗಾದ್ರೆ ಕುಡೀತಿದ್ದಿದ್ದು ನಿಜ."

"ನಿಜ. ಇವತ್ತು ಸುಳ್ಳು ಹೇಳಲ್ಲ. ಮೂರು ಗುಟುಕು. ನಾಲ್ಕನೇದು ನಾನು ನೋಡಿಲ್ಲ."

ಅವನು ಬಗ್ಗಿಸಿ ಕೊಟ್ಟ ಗ್ಲಾಸನ್ನು ಅವಳು ಬೆಳಕಿಗೆ ಹಿಡಿದಳು. ಕಪ್ಪು ಎಂದುಕೊಂಡಿದ್ದರ ಅಂಚಿನಲ್ಲಿ ಕೆಂಪು ಮಿನುಗುತ್ತಿತ್ತು. ಮೊದಲ ಗುಟುಕು ಬರೀ ಕಹಿ; ಮುಖ ಹಿಂಡಿದಳು. ಎರಡನೆಯದಕ್ಕೆ ಕಣ್ಣು ಮುಚ್ಚಿದಳು. ಒಳಗೆ ತನ್ನದೇ ಒಲೆಯ ಬಾಗಿಲು ತೆರೆದಂತಾಯಿತು: ಸೀಯಲು ಎರಡೇ ನಿಮಿಷ ಇರುವ ಬ್ರೆಡ್ಡಿನ ಅಂಚು, ಖಾಲಿಯಾದ ಕೋಕೋ ಡಬ್ಬಿಯ ತಳ. ಅವೆರಡರ ನಡುವೆ ಜಾರುವಂಥದ್ದು ಇನ್ನೇನೋ.

"ಇದಕ್ಕೆ ಬೆಣ್ಣೆ ಹಾಕ್ತೀರಾ?"

"ಇಲ್ವಲ್ಲ."

"ಬೆಣ್ಣೆ ಇದೆ ಮಾವ."

ಪೀಪಾಯಿ ಅಲ್ಲೇ ಇದ್ದ ಪೆಟ್ಟಿಗೆಯ ಮೇಲೆ ಕೂತ. "ಹಾಗಾದ್ರೆ ಎದ್ದಿಲ್ಲ. ಹಸಿ ಬಿಯರಿಗೇ ಆ ಬೆಣ್ಣೆ ವಾಸನೆ, ಅದು ಹೋಗೋಕೆ ಇನ್ನೂ ನಾಲ್ಕೈದು ದಿನ ಬೇಕು." ಬಾಗಿಲ ಕಡೆ ನೋಡಿದ. "ಹೊರಗೆ ಏನು ಹೇಳ್ಲಿ? ನಲ್ಲಿ ಕೆಟ್ಟಿದೆ ಅನ್ಲಾ?"

"ನಿಜ ಹೇಳಿ."

"ಹೇಳಿದ್ರೆ ನಾಳೆಯಿಂದ ಇಲ್ಲಿಗೆ ನೊಣಾನೂ ಬರಲ್ಲ ಕಣಮ್ಮ. ಇದೊಂದೇ ನಂಗೆ ಗೊತ್ತಿರೋ ಕೆಲಸ."

ಮಗಳು ಗ್ಲಾಸಿನ ತಳದಲ್ಲಿ ಉಳಿದಿದ್ದನ್ನು ನೋಡಿದಳು. ಅದನ್ನು ಕುಡಿಯದೆ ಟ್ಯಾಂಕಿನ ಪಕ್ಕದ ಕಟ್ಟೆಯ ಮೇಲಿಟ್ಟಳು.

"ನಿಮ್ಮ ಮೂಗಿನ ಮಾನ ಕಾಯೋಕೆ ಅಮ್ಮ ನನ್ನ ಮನೆಗೆ ಬರೋದು ಬಿಟ್ಲು. ಚಿಕ್ಕಮ್ಮ ಹೊರಗೆ ಅವಳನ್ನ ಕುಡುಕಿ ಮಾಡ್ತಿದ್ದಾಳೆ. ನಾನು ಮೊದಲೇ ಮಾಡಿದ್ದೆ." ಅವಳ ದನಿ ಏರಲಿಲ್ಲ. "ನಾನು ಹೇಳಲ್ಲ ಮಾವ. ಅವಳು ಹೇಳಲ್ಲ ಅಂದಿದ್ಳಲ್ಲ. ಹೇಳೋದಾದ್ರೆ ನೀವೇ ಹೇಳ್ಬೇಕು."

ಪೀಪಾಯಿ ಮೊಣಕಾಲಿಗೆ ಕೈಕೊಟ್ಟು ಎದ್ದು ಹೊರಗೆ ಹೋದ.

ಅವನು ಹೇಳಿದ್ದು ಐದೇ ಮಾತು. ಹನ್ನೊಂದು ವರ್ಷದ ಹಿಂದಿನ ಜ್ವರ, ಸತ್ತ ಮೂಗು, ಅಕ್ಕನ ಮೂರು ಗುಟುಕು, ಅವಳು ಕಾಯ್ದ ಗುಟ್ಟು, ಇನ್ನೂ ಏಳದ ಬಿಯರು.

"ಹನ್ನೊಂದು ವರ್ಷ," ಎಂದ ಅಂಚೆಯವ. "ಮತ್ತೆ ಆ ಒಲೆ ಪಕ್ಕದ ಬೆಕ್ಕು? ಅದಕ್ಕೆ ನಾನು ನಿನ್ನ ಕೈ ಕುಲುಕಿದ್ದೆ."

"ಬೆಕ್ಕೂ ಅಕ್ಕಂದೇ."

ಯಾರೋ ಕಿಸಕ್ಕೆಂದರು. ಯಾರೂ ಬಾಗಿಲ ಕಡೆ ಹೋಗಲಿಲ್ಲ. ಚಿಕ್ಕಮ್ಮ ತನ್ನ ಖಾಲಿ ಗ್ಲಾಸಿನೊಳಗೆ ನೋಡುತ್ತ ನಿಂತಿದ್ದಳು. ಒಮ್ಮೆ ಮಗಳ ಮುಖ ನೋಡಿದಳು, ತಕ್ಷಣ ಕಣ್ಣು ತೆಗೆದಳು. ಕೊನೆಗೆ ಸೆರಗಿನಿಂದ ಮೂಗು ಒರೆಸಿಕೊಂಡು ಮುಂದೆ ಬಂದಳು.

"ಒಂದು ಹನಿ ಹಾಕು ಇಲ್ಲಿ. ನಾನೂ ಅದೇ ಹೊಟ್ಟೇಲಿ ಹುಟ್ಟಿದವಳು."

"ಇನ್ನೂ ಎದ್ದಿಲ್ಲ ಚಿಕ್ಕಮ್ಮ," ಎಂದ ಪೀಪಾಯಿ.

"ಎಬ್ಬಿಸಲ್ಲ, ಹಾಕು." ಬೆರಳಗಲದ ಬಿಯರನ್ನು ಅವಳು ಮೂಗಿಗೆ ಹಿಡಿದು, ಹುಬ್ಬು ಗಂಟಿಕ್ಕಿ ಹುಡುಕಿದಳು. "ಮಳೇಲಿ ನೆಂದ ಕಂಬಳಿ," ಎಂದಳು. "ಒಣಗ್ತಾ ಇರೋದು."

ಪೀಪಾಯಿ ಕಣ್ಣು ಮುಚ್ಚಿದ.

ಅವಳ ಹಿಂದೆ ಅಂಚೆಯವ ಬಂದ. ಅವನ ಹಿಂದೆ ಉಳಿದವರು, ಕಾಲಿನ ಮಣ್ಣನ್ನು ನೆಲದ ಮೇಲೆ ಬಿಡುತ್ತ, ಸಾಲಾಗಿ. ಮಗಳು ಒಬ್ಬೊಬ್ಬರಿಗೂ ಒಂದೊಂದು ಬೆರಳಿನಷ್ಟು ಬಗ್ಗಿಸಿದಳು. ಯಾರೂ ದನಿ ಎತ್ತಲಿಲ್ಲ. ಗುಟ್ಟು ಹೇಳುವವರಂತೆ ಪೀಪಾಯಿಯ ಕಿವಿಗೆ ಬಾಗಿದರು. ಗೋಣಿಚೀಲ ಬಿಚ್ಚಿದ ವಾಸನೆ. ಹಳೇ ಬೀರುವಿನ ಒಳಗಿನ ಕತ್ತಲೆ. ಬಿಸಿಲಿಗಿಟ್ಟ ಚರ್ಮದ ಚೀಲ. ಅವನು ಗೋಡೆಗೆ ಒರಗಿ, ಕಣ್ಣು ತೆರೆಯದೆ ಕೇಳುತ್ತಿದ್ದ. ಒಂದೊಂದು ಮಾತಿಗೂ ಅವನ ಮೂಗಿನ ಹೊಳ್ಳೆಗಳು ಮೆಲ್ಲಗೆ ಅರಳುತ್ತಿದ್ದವು.