ಚಲುವಯ್ಯನವರ ಎಡಗೈ

ವೈರ್‌ಮನ್ ಚಲುವಯ್ಯನವರ ಎಡಗೈಯನ್ನು ಕಂಡವರು ಹಾಸನ ಪೇಟೆಯಲ್ಲಿ ಹೆಚ್ಚು ಮಂದಿ ಇರಲಿಲ್ಲ. ಅದು ಸದಾಕಾಲ ಖಾಕಿ ಕೋಟಿನ ಜೇಬಿನಲ್ಲಿರುತ್ತಿತ್ತು. ದುದ್ದದ ಬಸ್ಸಿಗೆ ಕಾಯುವಾಗಲೂ, ಸಂತೆಯಲ್ಲಿ ಬದನೆಕಾಯಿ ಆರಿಸುವಾಗಲೂ, ಕೊನೆಗೆ ಸ್ವಂತ ಮಗಳ ಮದುವೆಯ ಚಪ್ಪರದಲ್ಲಿ ಬೀಗರನ್ನು ಎದುರುಗೊಳ್ಳುವಾಗಲೂ ಅದು ಹೊರಬರಲಿಲ್ಲ, ಬಲಗೈಯೊಂದನ್ನೇ ಎದೆಗಿಟ್ಟು ನಮಸ್ಕರಿಸಿದರು. ಬೀಗರ ಕಡೆಯ ಹೆಂಗಸರು, ಪಾಪ, ಲಕ್ವ ಹೊಡೆದ ಕೈಯಿರಬೇಕೆಂದು ಮರುಗಿದರಂತೆ. ಎಂಥ ಲಕ್ವ, ಎಂಥ ಮಣ್ಣು! ಕರೆಂಟು ಹರಿಯುವ ಕಡೆಗೆ ಒಂದೇ ಕೈ ಚಾಚಬೇಕು, ಎರಡನ್ನೂ ಚಾಚಿದರೆ ಅದು ಎದೆಯನ್ನು ಹಾದುಹೋದೀತು ಎಂಬ ಕಸುಬಿನ ಎಚ್ಚರವನ್ನು ಆ ಮನುಷ್ಯ ಇಡೀ ಬದುಕಿಗೆ ಹೊದಿಸಿಬಿಟ್ಟಿದ್ದರು.

ಈ ಎಚ್ಚರ ಹುಟ್ಟಿದ್ದು ಐವತ್ತಮೂರನೆಯ ಇಸವಿಯಲ್ಲಿ, ಅರಕಲಗೂಡಿನ ಒಂದು ಎಣ್ಣೆ ಮಿಲ್ಲಿನಲ್ಲಿ. ಮೋಟಾರನ್ನು ನಡೆಸುವ ಕಬ್ಬಿಣದ ಪ್ಯಾನೆಲ್ ಪೆಟ್ಟಿಗೆಯೊಳಗೆ ಚಲುವಯ್ಯನವರೇ ಕೈಯಾರೆ ರಬ್ಬರು ಹೊದಿಕೆಯ ವೈರು ಎಳೆದಿದ್ದರು. ಆಗ ಎಲ್ಲರೂ ಎಳೆಯುತ್ತಿದ್ದುದು ಅದನ್ನೇ. ಎಂಟು ತಿಂಗಳಲ್ಲಿ ಎಣ್ಣೆಯ ಜಿಡ್ಡು ಒಳಗಿಳಿದು ರಬ್ಬರು ಉಬ್ಬಿ, ಮೆತ್ತಗಾಗಿ, ಕಳಚಿ, ಬರಿಯ ತಾಮ್ರ ಪೆಟ್ಟಿಗೆಯ ಬಾಗಿಲಿಗೆ ತಗುಲಿತು. ಆ ಬಾಗಿಲು ಹಿಡಿದ ಲಕ್ಕಯ್ಯ, ಅವರೊಂದಿಗೆ ಕಟ್ಟಾಯದ ಒಂದೇ ಬೀದಿಯಲ್ಲಿ ಆಡಿ ಬೆಳೆದ ಗೆಳೆಯ, ನಿಂತಲ್ಲೇ ಹೋದ. ಯಾರೂ ಚಲುವಯ್ಯನವರನ್ನು ದೂರಲಿಲ್ಲ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಅಂದಿನಿಂದ ಅವರ ಮನೆಯ ಉಪ್ಪಿನಕಾಯಿ ಜಾಡಿಗಳಿಗೆ ಗ್ರಹಚಾರ ಹಿಡಿಯಿತು. ಪೇಟೆಗೆ ಬಂದ ಹೊಸ ವೈರಿನ ತುಂಡೆಲ್ಲ ಮೊದಲು ಜಾಡಿಯ ಕೊಬ್ಬರಿಯೆಣ್ಣೆಯಲ್ಲಿ ನೆನೆಯಬೇಕು, ಇಲ್ಲವೇ ಒಲೆಯ ಮೇಲೆ ತೂಗಿ ಕಾವು ಕುಡಿಯಬೇಕು. ತಿಂಗಳಿಗೊಂದು ಗಂಟು ಹಾಕಿದ ದಾರ ಪ್ರತಿಯೊಂದಕ್ಕೂ. “ಲೋಕ್ದಲ್ಲಿ ಯಾರಾರ ವೈರ್ ನೆನೆ ಆಕ್ತಾರಾ? ನೆಂಟ್ರು ಬಂದ್ರೆ ಇದುನ್ನೇ ಬಡಿಸ್ಲಾ?” ಎಂದು ಹೆಂಡತಿ ಮಾಯಮ್ಮ ಕೂಗಾಡುತ್ತಿದ್ದರು, ಕೂಗಾಡಿ, ಎಣ್ಣೆ ಕಡಿಮೆಯಾಗಿದ್ದರೆ ತಾವೇ ಸುರಿಯುತ್ತಿದ್ದರು.

ಐವತ್ತೊಂಬತ್ತರಲ್ಲಿ ಚನ್ನರಾಯಪಟ್ಟಣದ ಪುಟ್ಟಸ್ವಾಮಿಯವರು ಕೊಬ್ಬರಿ ಎಣ್ಣೆ ಮಿಲ್ಲು ಕಟ್ಟಿಸಿದರು. ಶುಕ್ರವಾರಕ್ಕೆ ಮುಹೂರ್ತವಿಟ್ಟು, ರಬ್ಬರು ವೈರಿನ ಸುರುಳಿಗಳನ್ನು ತರಿಸಿಟ್ಟು, ಚಲುವಯ್ಯನವರನ್ನು ಕರೆಸಿದರು. ಇವರೋ, ಬಂದವರು ಇಡೀ ದಿನ ಒಂದು ತಿರುಪನ್ನೂ ತಿರುಗಿಸದೆ, ನಾಳೆ ಎಣ್ಣೆ ಸಿಡಿಯಲಿರುವ ಮಗ್ಗುಲನ್ನು ಬೆರಳಲ್ಲಿ ಸವರಿ, ಪ್ಯಾನೆಲ್ಲಿನ ತಂತಿಸುರುಳಿ ಕಾಯಲಿರುವ ಮಗ್ಗುಲಿಗೆ ಅಂಗೈಯ ಹಿಂಬದಿ ಹಿಡಿದು ಸುಮ್ಮನೆ ನಿಂತೇ ಇದ್ದರು. ಸಂಜೆಗೆ ಕೇಳಿದ್ದು ಒಂದೇ ಪ್ರಶ್ನೆ: “ಇದ್ರ ಮುಂದೆ ದಿನಾ ನಿಲ್ಲೋರು ಯಾರು ಸಾ?”

ಕೊಬ್ಬರಿ ಸುರಿಯಲು ಗೊತ್ತಾಗಿದ್ದ ಬಸವಲಿಂಗಮ್ಮ, ಹೊಸ ಯಂತ್ರಕ್ಕೆ ಎಣ್ಣೆ ಬಳಿದು ಮೊಳಕೈವರೆಗೂ ಎಣ್ಣೆಯಾದವಳು, ಸೆರಗಿಗೆ ಕೈ ಒರಸುತ್ತ ಬಂದಳು. “ನಾನೇ ಕಣಣ್ಣ, ಇನ್ಯಾರು?”

“ಮಕ್ಳೆಷ್ಟವ್ವಾ?”

“ಮೂರು.”

ಚಲುವಯ್ಯನವರು “ಇದು ಬ್ಯಾಡ ಸಾ” ಎಂದು ರಬ್ಬರಿನ ಸುರುಳಿಗಳನ್ನು ಒಂದೊಂದಾಗಿ ಎತ್ತಿ, ಅವು ಬಂದಿದ್ದ ಪೆಟ್ಟಿಗೆಗೇ ವಾಪಸು ತುಂಬಿದರು.

ತಾವು ಜಗುಲಿಯ ಮೇಲೆ ಕೂರಿಸದ ಮನುಷ್ಯನಿಂದ ಎದುರುಮಾತು ಕೇಳಿ ಪುಟ್ಟಸ್ವಾಮಿಯವರಿಗೆ ಅಭ್ಯಾಸವಿರಲಿಲ್ಲ. “ಇವತ್ತು ಆಕುದ್ರೆ ಓಡ್ತದಾ ಇಲ್ವಾ, ಅಷ್ಟು ಯೋಳು” ಎಂದು ಗುಡುಗಿದರು.

“ಓಡ್ತದೆ ಸಾ. ಅರಕಲಗೂಡಲ್ಲೂ ಅಂಗೇ ಓಡ್ತು.”

“ಮೂರ್ತ ತಪ್ಪುದ್ರೆ ಈ ಜಿಲ್ಲೇಲಿ ನಿಂಗೆ ಇನ್ನೊಂದು ಮಿಲ್ ಸಿಕ್ದಂಗೆ ಮಾಡ್ಬುಡ್ತೀನಿ.”

“ಮಾಡಿ ಸಾ.”

ಅಷ್ಟೇ ಹೇಳಿ ಚೀಲದಿಂದ ಜಾಡಿ ತೆಗೆದು ಮೇಜಿನ ಮೇಲಿಟ್ಟರು. ಎಂಟು ಗಂಟಿನ ದಾರದ ರಬ್ಬರು ಉಗುರು ತಾಕಿದೊಡನೆ ಲೊಳಕ್ಕೆಂದು ಕಳಚಿತು. ಅಷ್ಟೇ ಗಂಟಿನ, ಹೊಸದಾಗಿ ಬಂದ ಪ್ಲಾಸ್ಟಿಕ್ ಹೊದಿಕೆ ತುಸು ಬಿರುಸಾಗಿತ್ತು, ಆದರೆ ತಾಮ್ರವನ್ನು ಬಿಟ್ಟಿರಲಿಲ್ಲ. ಹಾಗಾದರೆ ಎಲ್ಲ ಕಡೆಗೂ ಅದನ್ನೇ ಎಳೆ ಎಂದರೆ ಅದಕ್ಕೂ ಒಪ್ಪರು ಪುಣ್ಯಾತ್ಮರು! ಒಲೆಯ ಮೇಲೆ ತೂಗಿ ಕರಗಿದ್ದ ಪ್ಲಾಸ್ಟಿಕ್ಕಿನ ತುಂಡೊಂದು ಕೋಟಿನ ಬಲಜೇಬಿನಿಂದ ಹೊರಬಂತು. “ಎಣ್ಣೆ ಕಡೀಕೆ ಪ್ಲಾಸ್ಟಿಕ್ಕು, ಕಾವಿನ ಕಡೀಕೆ ಬೆಂಕಿಗೂ ಕರಗ್ದಿರೋ ಕಲ್ನಾರು. ಎರಡೂ ಬೇಕು ಸಾ.”

ಶುಕ್ರವಾರ ಬಂತು, ಹೋಯಿತು. ಪುರೋಹಿತರು ಬಂದ ದಾರಿಯಲ್ಲೇ ಹಿಂದಿರುಗಿದರು. ಹನ್ನೊಂದು ದಿನ ಪುಟ್ಟಸ್ವಾಮಿಯವರು ಕಂಡಕಂಡವರ ಮುಂದೆ ಚಲುವಯ್ಯನವರ ಮಾನ ಕಳೆದರು. ಹೊಳೆನರಸೀಪುರದ ಅಕ್ಕಿ ಮಿಲ್ಲಿನವರು ಕೊಟ್ಟಿದ್ದ ಕೆಲಸ ಕೈತಪ್ಪಿತು. ಆದರೂ, ಪುಟ್ಟಸ್ವಾಮಿಯವರು ಕರೆಸಿದ ಬೇರೆ ವೈರ್‌ಮನ್ನರು ಯಾರೂ ಆ ಜಾಡಿಯನ್ನು ನೋಡಿದ ಮೇಲೆ ರಬ್ಬರು ಮುಟ್ಟಲು ಒಪ್ಪದ್ದರಿಂದ, ಚಲುವಯ್ಯನವರು ಕೇಳಿದ ವೈರೇ ಬೆಂಗಳೂರಿನಿಂದ ಬಂತು, ಅವರೇ ನಿಂತು ಎಳೆಸಿದರು.

ಹನ್ನೆರಡನೆಯ ದಿನ ಕರೆಂಟು ಸೋರುತ್ತದೆಯೇ ಎಂದು ಪ್ಯಾನೆಲ್ಲಿಗೆ ಟೆಸ್ಟ್ ಬಲ್ಬು ಹಿಡಿದು ಮೂರು ಸಲ ಪರೀಕ್ಷಿಸಿದ್ದಾಯಿತು. “ಈಗ್ಲಾದ್ರೂ ಗ್ಯಾರಂಟೀನಾ?” ಎಂದು ಪುಟ್ಟಸ್ವಾಮಿಯವರು ಕಟಕಿಯಾಡಿದರು. ಚಲುವಯ್ಯನವರು ಪ್ಯಾನೆಲ್ಲಿನ ಮುಂದೆ ಬಂದು ನಿಂತರು. ಆರು ವರ್ಷಗಳಿಂದ ಜೇಬಿನಲ್ಲಿದ್ದ ಎಡಗೈಯನ್ನು ಹೊರತೆಗೆದು, ಬಿಸಿಲು ಕಾಣದೆ ಬಿಳಿಚಿಕೊಂಡ ಆ ಅಂಗೈಯನ್ನು ಬಲಗೈಯ ಪಕ್ಕದಲ್ಲಿ ಕಬ್ಬಿಣದ ಬಾಗಿಲಿಗೆ ಒತ್ತಿ, “ಓಡಿಸವ್ವಾ” ಎಂದರು. ಬಸವಲಿಂಗಮ್ಮ ಸ್ವಿಚ್ಚು ಒತ್ತಿದಳು, ಮೋಟಾರು ಮೊರೆಯಿತು. ಅವರು ಹಾಗೇ ನಿಂತಿದ್ದರು. ಹತ್ತಿರವಿದ್ದ ಅವಳಿಗೆ ಮಾತ್ರ ಕೇಳಿಸಿತಂತೆ: “ಏನೂ ಇಲ್ಲ ಕಣ್ಲಾ ಲಕ್ಕಯ್ಯ, ಏನೂ ಇಲ್ಲ.”

ಮರುದಿನ ಎಡಗೈ ಮತ್ತೆ ಜೇಬು ಸೇರಿತು.

ಮಿಲ್ಲಿನ ಗೋಡೆಯ ಕಲ್ಲಿನಲ್ಲಿ ಹಲವರ ಹೆಸರಿದೆ, ಅವರದಿಲ್ಲ. ಇಂಥವರ ದುಡಿಮೆಗೆ ಕಲ್ಲು ಕೆತ್ತಿಸುವುದಾದರೂ ಹೇಗೆ? ಅವರು ಲೋಕಕ್ಕೆ ಕೊಟ್ಟು ಹೋಗುವುದು ಆಗಿ ತೋರುವ ಕಾರ್ಯವನ್ನಲ್ಲ, ಆಗದೆ ಉಳಿದ ಅನಾಹುತವನ್ನು. ಅದನ್ನು ಕಂಡವರಿಲ್ಲ, ಆದ್ದರಿಂದ ಹೊಗಳುವವರೂ ಇಲ್ಲ. ಬಸವಲಿಂಗಮ್ಮ ಆ ಪ್ಯಾನೆಲ್ಲಿನ ಮುಂದೆ ಒಂಬತ್ತು ವರ್ಷ ನಿಂತಳು, ಮತ್ತು ದಿನಾ ಸಂಜೆ ನಡೆದುಕೊಂಡು ಮನೆಗೆ ಹೋದಳು.