ಒಂದು ವರ್ಷ ನೋಡಣ ಅಂದವಳು

ಮುನೇಶನ ಹನ್ನೊಂದನೇ ದಿನದ ಕಾರ್ಯ ಅವನ ಹುಟ್ಟೂರು ಕೆಂಚಾರ್ಲಹಳ್ಳಿಯಲ್ಲಿ ಆಯಿತು. ಕಲ್ಯಾಣಿ ಇನ್ನೆರಡು ದಿನ ಅವನ ತಾಯಿ ಲಕ್ಷ್ಮಿದೇವಮ್ಮನ ಜೊತೆ ಇದ್ದು, ಬಸ್ಸು ಹಿಡಿದು ಗೌರಿಬಿದನೂರಿಗೆ ವಾಪಸ್ಸು ಬಂದಳು. ಮನೆಯ ಬೀಗಕ್ಕೆ ಕೀಲಿ ಹಾಕಿ ತಿರುಗಿಸಿದರೆ ತಿರುಗಲೇ ಇಲ್ಲ. ಬಗ್ಗಿ ನೋಡಿದಳು. ಬೀಗವೇ ಬೇರೆ.

ಪಕ್ಕದ ಮನೆಯ ಕಮಲಮ್ಮ ಹೊರಗೆ ಬಂದರು. "ನಿನ್ನೆ ಕೋನಪ್ಪ ಬಂದು ಹಾಕ್ಕೊಂಡು ಹೋದ ಕಣಮ್ಮ. ಯಾಕಪ್ಪ ಅಂತ ಕೇಳಿದ್ರೆ, ಅಣ್ಣನ ಮನೆ, ಇನ್ಮೇಲೆ ನಂದು ಅಂದ."

ಕೋನಪ್ಪ ಮುನೇಶನ ತಮ್ಮ. ಕಲ್ಯಾಣಿ ಅಲ್ಲಿಂದಲೇ ಅವನಿಗೆ ಫೋನು ಮಾಡಿದಳು.

"ನೀನೇನು ನಮ್ಮಣ್ಣನ ಹೆಂಡ್ತಿಯಾ? ಇಟ್ಕೊಂಡಿದ್ದ, ಇದ್ದೆ. ಅವನು ಹೋದ ಮೇಲೆ ಮುಗೀತು," ಅಂದು ಅವನು ಇಟ್ಟುಬಿಟ್ಟ.

ಮುನೇಶ ಬೋರ್‌ವೆಲ್ ಮೋಟಾರುಗಳನ್ನು ರಿಪೇರಿ ಮಾಡುತ್ತಿದ್ದ. ಕಲ್ಯಾಣಿ ಅದೇ ಬೀದಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುತ್ತಿದ್ದಳು. ಇಬ್ಬರಿಗೂ ಮೊದಲು ಮದುವೆಯಾಗಿರಲಿಲ್ಲ. ಒಟ್ಟಿಗೆ ಬದುಕಿದ್ದು ಇಪ್ಪತ್ತು ವರ್ಷದ ಮೇಲೆ. ರೇಷನ್ನು, ಗ್ಯಾಸು, ನೆಂಟರ ಮನೆಯ ನಾಮಕರಣ, ಸಾವು ಎಲ್ಲಕ್ಕೂ ಇಬ್ಬರೂ ಜೊತೆಯಾಗಿಯೇ ಹೋಗುತ್ತಿದ್ದರು. ಮದುವೆ ಯಾವಾಗ ಅಂತ ಕೇಳುವವರು ಮೊದಮೊದಲು ಕೇಳಿದರು, ಆಮೇಲೆ ಅವರಿಗೂ ಮರೆತುಹೋಯಿತು.

ಪೊಲೀಸ್ ಸ್ಟೇಷನ್ನಿನಲ್ಲಿ, ಮದುವೆಗೆ ಸಾಕ್ಷಿ ಏನಿದೆ ಅಂದರು. ಇಲ್ಲ ಅಂದಾಗ ಕೋರ್ಟಿಗೆ ಹೋಗಿ ಅಂದರು. ಕೋರ್ಟಿನ ಆವರಣದಲ್ಲಿ ಹೆಂಗಸರಿಗೆ ಪುಕ್ಕಟೆಯಾಗಿ ವಕೀಲರನ್ನು ಕೊಡುತ್ತಾರೆ ಎಂದು ಕಮಲಮ್ಮ ಕೇಳಿದ್ದರು. ಅವರೇ ಜೊತೆಗೆ ಬಂದರು. ಹಾಗೆ ಸಿಕ್ಕಿದ ವಕೀಲೆ ತನುಜ, ವಯಸ್ಸಿನಲ್ಲಿ ಕಲ್ಯಾಣಿಗಿಂತ ತುಂಬಾ ಚಿಕ್ಕವಳು.

ತನುಜ ಎಲ್ಲ ಕೇಳಿ, "ಅಕ್ಕ, ಯಾವುದಾದರೂ ಗುಡೀಲಿ ತಾಳಿ ಕಟ್ಟಿದ್ರಾ? ನೆನಪು ಮಾಡ್ಕೊಳ್ಳಿ. ಇಷ್ಟು ವರ್ಷ ಜೊತೇಲಿದ್ರೆ ಮದುವೆ ಆಗಿದೆ ಅಂತಲೇ ಕೋರ್ಟು ಭಾವಿಸಬಹುದು. ಆಗ ಮನೇಲಿ ಪಾಲೂ ಕೇಳಬಹುದು," ಅಂದಳು.

"ಕಟ್ಟಿಲ್ಲ ಮೇಡಂ. ಅವರು ಕಟ್ತೀನಿ ಅಂದ್ರು, ನಾನೇ ಬೇಡ ಅಂದೆ."

ತನುಜಳ ಪೆನ್ನು ನಿಂತಿತು. "ಯಾಕೆ?"

"ನಮ್ಮಕ್ಕನ್ನ ಕೊಟ್ಟ ಮೇಲೆ ಅವಳ ಗಂಡ ಎಂಥೋನು ಅಂತ ಗೊತ್ತಾಗಿದ್ದು. ಅದಕ್ಕೆ ಒಂದು ವರ್ಷ ಜೊತೇಲಿದ್ದು ನೋಡಣ, ಆಮೇಲೆ ಮದುವೆ ಅಂದೆ. ವರ್ಷ ಆಯ್ತು. ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಚೆನ್ನಾಗೇ ಇದ್ವಲ್ಲ."

ಕಮಲಮ್ಮ ಬಾಯಿ ಮೇಲೆ ಕೈಯಿಟ್ಟುಕೊಂಡರು. ಇಷ್ಟು ವರ್ಷ ಪಕ್ಕದಲ್ಲಿದ್ದರೂ ಅವರಿಗೆ ಇದು ಗೊತ್ತಿರಲಿಲ್ಲ.

"ಹೀಗೇ ಹೇಳಿದ್ರೆ ಪಾಲು ಸಿಗಲ್ಲ ಅಕ್ಕ," ತನುಜ ಎಚ್ಚರಿಸಿದಳು.

"ಪಾಲು ಯಾರು ಕೇಳಿದ್ರು? ನನಗೆ ಬಾಗಿಲು ತೆಗೆಸಿಕೊಡಿ. ಅವರ ಬಗ್ಗೆ ಸುಳ್ಳು ಹೇಳಲ್ಲ."

ಆಗ ತನುಜ ಇನ್ನೊಂದು ದಾರಿ ವಿವರಿಸಿದಳು. ಹೆಂಗಸರ ಮೇಲಿನ ಕೌಟುಂಬಿಕ ದೌರ್ಜನ್ಯ ತಡೆಯುವ ಕಾಯ್ದೆಯಲ್ಲಿ ಮದುವೆಯಂಥ ಸಂಬಂಧಕ್ಕೂ ಜಾಗವಿದೆ. ಇಬ್ಬರೂ ಮದುವೆಯಾಗಲು ಅಡ್ಡಿಯಿಲ್ಲದವರಾಗಿರಬೇಕು, ಗಂಡಹೆಂಡಿರ ಹಾಗೆ ನಾಲ್ಕು ಜನರ ಕಣ್ಣೆದುರು ಬದುಕಿರಬೇಕು. ಹಾಗಿದ್ದರೆ ಆ ಹೆಂಗಸನ್ನು ಬಾಳಿದ ಮನೆಯಿಂದ ಬೀಗ ಹಾಕಿ ಹೊರಗಟ್ಟುವಂತಿಲ್ಲ.

ಕಲ್ಯಾಣಿ ಮುಂದಕ್ಕೆ ಬಾಗಿದಳು. "ಇದೆಲ್ಲ ಕಾನೂನಲ್ಲಿ ಬರೆದಿದ್ದಾರಾ? ಬರೆದೋರಿಗೆ ನಮ್ಮಂಥೋರು ಯಾರಾದ್ರೂ ಗೊತ್ತಿದ್ರಾ?"

"ಗೊತ್ತಿರಬೇಕು," ತನುಜ ನಕ್ಕಳು. "ಇನ್ನೊಂದು ವಿಷಯ. ಮುನೇಶ್ ಅವರಿಗೆ ಹೆಂಡತಿ, ಮಕ್ಕಳು ಇಲ್ಲ ಅಂತಾದ್ರೆ ಮನೆ ತಮ್ಮನಿಗೆ ಹೋಗಲ್ಲ. ಬದುಕಿರೋ ತಾಯಿಗೆ ಹೋಗುತ್ತೆ."

ಅರ್ಜಿ ಹಾಕಿದರು. ಕೋನಪ್ಪನ ವಕೀಲರೂ ಅವನಿಗೆ ಅದೇ ಮಾತು ಹೇಳಿರಬೇಕು. ವಿಚಾರಣೆಯ ದಿನ ಅವನು ತಾಯಿಯನ್ನೇ ಕರೆದುಕೊಂಡು ಬಂದ. ಲಕ್ಷ್ಮಿದೇವಮ್ಮ ಅವನ ಮನೆಯಲ್ಲೇ ಇರುವವಳು. ಅವಳೂ ಮಗನ ಪರವಾಗಿಯೇ ಮಾತಾಡುತ್ತಾಳೆ ಅಂದುಕೊಂಡಳು ಕಲ್ಯಾಣಿ.

"ಈಕೆ ನಿಮ್ಮ ಮಗನಿಗೆ ಏನಾಗಬೇಕು?" ಮ್ಯಾಜಿಸ್ಟ್ರೇಟ್ ಕೇಳಿದರು.

"ಅವನ ಮನೆಯಾಕೆ."

"ಮದುವೆ ಆಗಿತ್ತಾ?"

"ಇಲ್ಲಮ್ಮ. ಇಬ್ಬರನ್ನೂ ಎಷ್ಟು ಬೈದೆ ಗೊತ್ತಾ? ಕಿವಿಗೇ ಹಾಕ್ಕೊಳ್ಳಲಿಲ್ಲ. ಆದ್ರೆ ನನ್ನ ಸೊಂಟ ಮುರಿದಾಗ ಆರು ತಿಂಗಳು ಇವಳೇ ನನ್ನನ್ನ ಎತ್ತಿ ಕೂರಿಸಿ ಸ್ನಾನ ಮಾಡಿಸಿದ್ದು." ಆಮೇಲೆ ಮಗನ ಕಡೆ ತಿರುಗಿ ತೆಲುಗು ಬೆರೆಸಿ ಗದರಿದಳು. "ಏಮ್ರಾ ಕೋನಪ್ಪ, ಆ ಮನೆ ನಂದು ಅಂತ ಹೇಳು ಅಂದ್ಯಲ್ಲ? ನಂದೇ ಆದ್ರೆ, ಇವಳು ಅಲ್ಲೇ ಇರಲಿ."

ಕೋನಪ್ಪ ಬೀಗ ತೆಗೆಯಬೇಕು, ಕಾನೂನಿನ ಕ್ರಮವಿಲ್ಲದೆ ಕಲ್ಯಾಣಿಯನ್ನು ಹೊರಹಾಕಬಾರದು ಎಂದು ಮಧ್ಯಂತರ ಆದೇಶವಾಯಿತು. ಹೊರಗೆ ಅವನು ಕೀಲಿಯನ್ನು ತನುಜಳ ಕೈಗೆ ಕೊಟ್ಟು ಹೊರಟ. ಲಕ್ಷ್ಮಿದೇವಮ್ಮ ಅವನ ಹಿಂದೆ ಹೋಗಲಿಲ್ಲ.

"ನಾಲ್ಕು ದಿನ ಇದ್ದು ಹೋಗ್ತೀನಿ ಕಣೇ," ಅಂದಳು.

ನಾಲ್ಕು ದಿನ ಅಂದವಳು ಅಲ್ಲೇ ಉಳಿದಳು. ಹೊಲಿಗೆ ಕಲಿಯಲು ಬರುವ ಹುಡುಗಿಯರ ನಡುವೆ ಕೂತು, ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಅವರ ಮನೆಯ ಸಮಾಚಾರವನ್ನೆಲ್ಲ ಕೇಳುತ್ತಿದ್ದಳು. ಒಂದು ದಿನ ತಾನಾಗಿಯೇ ತನುಜಳನ್ನು ಕರೆಸಿ ವಿಲ್ ಬರೆಸಿದಳು. ಕಲ್ಯಾಣಿ ಬದುಕಿರುವವರೆಗೂ ಮನೆ ಅವಳ ವಾಸಕ್ಕೆ, ಆಮೇಲೆ ಕೋನಪ್ಪನ ಇಬ್ಬರು ಹೆಣ್ಣುಮಕ್ಕಳಿಗೆ. ಕಲ್ಯಾಣಿ, "ಸರಿಯಾಗಿದೆ," ಅಂದಳು.

ಕೋನಪ್ಪ ದಸರಾ ರಜೆಗೆ ಮಕ್ಕಳನ್ನು ಅಜ್ಜಿಯ ಹತ್ತಿರ ಬಿಡಲು ಬಂದು ಬಾಗಿಲಲ್ಲೇ ನಿಂತ. ಕಲ್ಯಾಣಿ ತಟ್ಟೆ ಹಾಕಿ ಒಳಗೆ ಕರೆದಳು. ಅವನು ಊಟ ಮಾಡಿ, ಸಂಜೆಯ ಬಸ್ಸಿಗೆ ಹೊರಟುಹೋದ.